ಬಡವರ ಕೈಗೆ ಹಣ ಬಂದರೆ ಜಿಲ್ಲೆ ಬೆಳೆಯುತ್ತದೆಯೋ, ಸೊರಗುತ್ತದೆಯೋ? ಮಂಡ್ಯ, ಮೈಸೂರಿನವರು ತಮ್ಮ ಲೆಕ್ಕ ತೆರೆದಿಡಿ

ಸಾಲದ ಪುಸ್ತಕ (ಮದ್ದೂರು ತಾಲ್ಲೂಕು)

ಮದ್ದೂರಿನಿಂದ ಆರು ಕಿಲೋಮೀಟರ್ ಒಳಗಿನ ಊರಿನಲ್ಲಿ ನನ್ನದು ದಿನಸಿ ಅಂಗಡಿ, ಅಪ್ಪನ ಕಾಲದ್ದು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದು ಸದಾ ಇರುತ್ತದೆ. ಯಾರ ಮನೆಗೆ ಏನು ಹೋಯಿತು, ಎಷ್ಟು ಬಾಕಿ ಎಂದು ಬರೆಯುವ ಪುಸ್ತಕ. ಯುಗಾದಿಗೆ ಹೊಸದು ಹಾಕುತ್ತೇವೆ. ಹಳೆಯವನ್ನು ಅಟ್ಟದ ಮೇಲೆ ಕಟ್ಟಿಡುತ್ತೇವೆ. ಮೊನ್ನೆ ಮಳೆ ಹಿಡಿದು ಗಿರಾಕಿಗಳಿಲ್ಲದ ಮಧ್ಯಾಹ್ನ 2022ರ ಪುಸ್ತಕವನ್ನು ಇಳಿಸಿ, ಈ ವರ್ಷದ್ದರ ಪಕ್ಕದಲ್ಲಿ ತೆರೆದಿಟ್ಟುಕೊಂಡು ಕುಳಿತೆ.

ಒಂದೇ ಮನೆಯ ಎರಡು ಪುಟ ಹೇಳುತ್ತೇನೆ. ಕೂಲಿಗೆ ಹೋಗುವ ತಾಯಿ, ಮಗಳು, ಶಾಲೆಗೆ ಹೋಗುವ ಮೊಮ್ಮಗ ಇರುವ ಮನೆ. 2022ರಲ್ಲಿ: ಎಣ್ಣೆ 20 ರೂಪಾಯಿಯದು, ಸಕ್ಕರೆ ಕಾಲು ಕೆಜಿ, ತೊಗರಿಬೇಳೆ 100 ಗ್ರಾಂ. ದಿನ ಬಿಟ್ಟು ದಿನ ಇಂಥದೇ ಸಾಲು. ಈ ವರ್ಷ: ಎಣ್ಣೆ ಅರ್ಧ ಲೀಟರ್ ಪ್ಯಾಕೆಟ್, ಬೇಳೆ ಒಂದು ಕೆಜಿ, ನೋಟ್‌ಬುಕ್ ಆರು, ಜಾಮಿಟ್ರಿ ಬಾಕ್ಸ್ ಒಂದು. ಈಗಲೂ ಬಾಕಿ ಇದೆ, ಆದರೆ ತೀರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ವಾರ ಪುಸ್ತಕದಲ್ಲಿ ಗೀಟು ಹೊಡೆದ ಸಾಲುಗಳು ಹೆಚ್ಚು. ಕಂತು ತಡವಾದ ತಿಂಗಳನ್ನೂ ಪುಸ್ತಕ ನೋಡಿಯೇ ಹೇಳಬಲ್ಲೆ. ಆ ಪುಟಗಳಲ್ಲಿ ಗೀಟುಗಳೇ ಇರುವುದಿಲ್ಲ.

ಆದರೆ ನನ್ನ ಅಂಗಡಿಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ದಿನವೂ ಬೇರೆ ಮಾತು ಕೇಳುತ್ತೇನೆ. ಕಬ್ಬು ಕಡಿಯಲು ಆಳು ಸಿಗುತ್ತಿಲ್ಲ, ಕೊಟ್ಟು ಕೊಟ್ಟು ಜನ ಸೋಮಾರಿಗಳಾದರು, ಈ ದುಡ್ಡಿನಲ್ಲಿ ನಾಲೆ ರಿಪೇರಿ ಆಗುತ್ತಿತ್ತು, ಕಾರ್ಖಾನೆ ಬರುತ್ತಿತ್ತು ಎಂದು. ಹೇಳುವವರು ಕೆಟ್ಟವರಲ್ಲ. ಎರಡು ಎಕರೆ ಇಟ್ಟುಕೊಂಡು ಕೂಲಿ ಕೊಡಲಾಗದೆ ಒದ್ದಾಡುವವರೇ ಹೆಚ್ಚು. ಅವರಿಗೆ ಏನು ಉತ್ತರ ಹೇಳಬೇಕೆಂದು ನನಗೆ ತೋಚುವುದಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ದೊಡ್ಡದಾದರೆ ಊರಿನ ಬೆಳವಣಿಗೆಗೆ ಒಳ್ಳೆಯದೋ ಕೆಟ್ಟದ್ದೋ? ಸರ್ಕಾರ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರೆ ಒಟ್ಟು ಸಂಪತ್ತು ಕುಗ್ಗುತ್ತದೆಯೋ ಹಿಗ್ಗುತ್ತದೆಯೋ? ಪಕ್ಷಗಳ ಮಾತು ಬೇಡ. ತಿಳಿದವರು ತಿಳಿದದ್ದನ್ನು ಬರೆಯಿರಿ, ಅನುಭವ ಇದ್ದವರು ಅನುಭವವನ್ನು ಬರೆಯಿರಿ.

ಹೆಬ್ಬಾಳದ ಲೇತ್ (ಮೈಸೂರು)

ಅಂಗಡಿಯವರೇ, ನಿಮ್ಮ ಪುಸ್ತಕವನ್ನು ಗೌರವಿಸುತ್ತೇನೆ. ನನ್ನದೂ ಒಂದು ಪುಸ್ತಕ ಇದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹದಿನಾಲ್ಕು ಜನ ಕೆಲಸ ಮಾಡುವ ಸಣ್ಣ ಘಟಕ ನಡೆಸುತ್ತೇನೆ, ಮೋಟಾರು ವಾಹನಗಳ ಬಿಡಿಭಾಗ ತಿರುವುತ್ತೇವೆ. ಯಂತ್ರದ ಮೇಲೆ ಸಾಲ, ಶೆಡ್ಡಿನ ಮೇಲೆ ಸಾಲ. ಲಾಭ ಬಂದ ವರ್ಷ ಆ ಲಾಭ ಹೊಸ ಯಂತ್ರವಾಗುತ್ತದೆ, ಯಂತ್ರದ ಹಿಂದೆ ಇಬ್ಬರಿಗೆ ಕೆಲಸ ಹುಟ್ಟುತ್ತದೆ. ಲಾಭವನ್ನು ತೆರಿಗೆಯಾಗಿ ಎಳೆದುಕೊಂಡರೆ ಆ ಇಬ್ಬರು ಹುಟ್ಟುವುದೇ ಇಲ್ಲ. ಹುಟ್ಟದವರ ಲೆಕ್ಕವನ್ನು ಯಾವ ಅಂಗಡಿಯ ಪುಸ್ತಕವೂ ಬರೆಯುವುದಿಲ್ಲ.

ನಮ್ಮ ದೇಶ ಈ ದಾರಿಯಲ್ಲಿ ಒಮ್ಮೆ ನಡೆದು ನೋಡಿದೆ. 1973-74ರಲ್ಲಿ ಅತಿ ಹೆಚ್ಚು ಆದಾಯದವರ ಮೇಲಿನ ತೆರಿಗೆ, ಮೇಲುತೆರಿಗೆ ಸೇರಿ, ಶೇ. 97.75 ಇತ್ತು. ನೂರು ರೂಪಾಯಿ ಹೆಚ್ಚು ದುಡಿದರೆ ಎರಡೂಕಾಲು ರೂಪಾಯಿ ಕೈಗೆ. ಯಾರು ದುಡಿಯುತ್ತಾರೆ? ದುಡಿದವರು ಯಾರು ಹೇಳಿಕೊಳ್ಳುತ್ತಾರೆ? ಬಡತನ ಕಡಿಮೆಯಾಗಲಿಲ್ಲ, ಲೆಕ್ಕಕ್ಕೆ ಸಿಗದ ಹಣ ಹೆಚ್ಚಾಯಿತು.

ಈಗ ರಾಜ್ಯದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಇಡುತ್ತಿದ್ದಾರೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಡವರ ಮೇಲೆ ನನಗೆ ಕೋಪವಿಲ್ಲ, ನಾನೂ ಒಂದೇ ಕೋಣೆಯ ಮನೆಯಿಂದ ಬಂದವನು. ಆದರೆ ಹಂಚುವ ಮುಂಚೆ ಹುಟ್ಟಬೇಕು.

ಹಳೆಯ ಪಾಠ (ಕುವೆಂಪುನಗರ, ಮೈಸೂರು)

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಬಿಡಿಸಿಕೊಳ್ಳೋಣ. ಅಸಮಾನತೆ ಬೆಳವಣಿಗೆಗೆ ಏನು ಮಾಡುತ್ತದೆ ಎಂಬುದು ಒಂದು. ಅದನ್ನು ತಗ್ಗಿಸಲು ಕೈಗೊಳ್ಳುವ ಮರುಹಂಚಿಕೆ ಏನು ಮಾಡುತ್ತದೆ ಎಂಬುದು ಇನ್ನೊಂದು. ರೋಗ ಬೇರೆ, ಔಷಧಿಯ ಅಡ್ಡ ಪರಿಣಾಮ ಬೇರೆ.

1955ರಲ್ಲಿ ಸೈಮನ್ ಕುಜ್ನೆಟ್ಸ್ ಎಂಬ ವಿದ್ವಾಂಸರು, ದೇಶ ಬೆಳೆಯಲು ಆರಂಭಿಸಿದಾಗ ಅಸಮಾನತೆ ಏರುತ್ತದೆ, ಮುಂದೆ ತಾನಾಗಿ ಇಳಿಯುತ್ತದೆ ಎಂಬ ಊಹೆಯನ್ನು ಮುಂದಿಟ್ಟರು. ನಾನು ಮೂವತ್ತು ವರ್ಷ ಅದನ್ನು ಕಪ್ಪುಹಲಗೆಯ ಮೇಲೆ ಗುಡ್ಡದ ಆಕಾರದಲ್ಲಿ ಬರೆದಿದ್ದೇನೆ. ತಮ್ಮ ಬರಹದಲ್ಲಿ ಶೇ. 5 ಮಾತ್ರ ಮಾಹಿತಿ, ಶೇ. 95 ಊಹೆ ಎಂದು ಅವರೇ ಒಪ್ಪಿಕೊಂಡಿದ್ದರು ಎಂಬುದನ್ನು ಪಠ್ಯಪುಸ್ತಕಗಳು ಮಕ್ಕಳಿಗೆ ಹೇಳುವುದಿಲ್ಲ. ತಾನಾಗಿ ಇಳಿಯುತ್ತದೆ ಎಂದು ಕಾದು ಕುಳಿತವರ ಗತಿ ನೋಡಿ: ಭಾರತದಲ್ಲಿ 2022-23ರಲ್ಲಿ ಮೇಲಿನ ಶೇ. 1 ಜನರ ಪಾಲಿಗೆ ಒಟ್ಟು ಆದಾಯದ ಶೇ. 22.6, ಒಟ್ಟು ಆಸ್ತಿಯ ಶೇ. 40.1 ಇತ್ತು ಎಂದು ವಿಶ್ವ ಅಸಮಾನತೆ ಪ್ರಯೋಗಾಲಯದ ಅಂದಾಜು.

ಲೇತ್‌ನವರು ಹೇಳಿದ ಭಯವೂ ಸುಳ್ಳಲ್ಲ. 1975ರಲ್ಲಿ ಆರ್ಥರ್ ಓಕನ್ ಅದನ್ನು ತೂತು ಬಿದ್ದ ಬಕೆಟ್ಟಿಗೆ ಹೋಲಿಸಿದರು. ಶ್ರೀಮಂತರಿಂದ ತುಂಬಿಕೊಂಡು ಬಡವರಿಗೆ ಒಯ್ಯುವಾಗ ದಾರಿಯಲ್ಲಿ ಸ್ವಲ್ಪ ಸೋರಿಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬದಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ಬಿಟ್ಟಷ್ಟು ನೀರು ಕೊನೆಯ ಗದ್ದೆಗೆ ಮುಟ್ಟುವುದಿಲ್ಲ. ಹಾಗೆಂದು ನಾಲೆಯೇ ಬೇಡ ಎಂದವರನ್ನು ಮಂಡ್ಯದಲ್ಲಿ ನಾನು ಕಂಡಿಲ್ಲ. ಸೋರುವುದು ಎಷ್ಟು, ತಲುಪುವುದು ಎಷ್ಟು, ತಲುಪಿದ್ದರಿಂದ ಏನು ಬೆಳೆಯಿತು ಎಂದು ಕೇಳಬೇಕು.

ಅದನ್ನು ಅಳೆಯಲು ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿಯ) ಮೂವರು ಸಂಶೋಧಕರು 2014ರಲ್ಲಿ ಅನೇಕ ದೇಶಗಳ ಅಂಕಿಅಂಶ ಕಲೆಹಾಕಿದರು. ಅಸಮಾನತೆ ಕಡಿಮೆ ಇರುವ ಕಡೆ ಬೆಳವಣಿಗೆ ವೇಗವಾಗಿಯೂ ಇತ್ತು, ಹೆಚ್ಚು ಕಾಲವೂ ಬಾಳಿತು. ಮರುಹಂಚಿಕೆ, ತೀರಾ ಅತಿಯಾದ ಕಡೆಗಳನ್ನು ಬಿಟ್ಟರೆ, ಬೆಳವಣಿಗೆಯನ್ನು ಕುಂದಿಸಿದ್ದು ಕಾಣಲಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. 2000ನೇ ಇಸವಿಯ ಎರಡು ಅಧ್ಯಯನಗಳು ಬೇರೆ ದಿಕ್ಕು ತೋರಿದವು. ಒಂದರ ಪ್ರಕಾರ, ಅಲ್ಪಾವಧಿಯಲ್ಲಿ ಅಸಮಾನತೆಯ ಜೊತೆಗೇ ಬೆಳವಣಿಗೆಯೂ ಏರಿತ್ತು. ರಾಬರ್ಟ್ ಬ್ಯಾರೊ ಅವರದ್ದರ ಪ್ರಕಾರ, ಬಡ ದೇಶಗಳಲ್ಲಿ ಅಸಮಾನತೆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ, ಶ್ರೀಮಂತ ದೇಶಗಳಲ್ಲಿ ಹಾಗಿಲ್ಲ. ಬಡ ದೇಶದಲ್ಲಿ ಮಾತ್ರ ಏಕೆ ಹಾಗೆ ಎಂಬುದೇ ನಮಗೆ ಬೇಕಾದ ಪ್ರಶ್ನೆ. ನಾಲೆಯ ಬದಿಯವರು ಯಾರಾದರೂ ಇದ್ದರೆ ಹೇಳಲಿ ಎಂದು ಕಾಯುತ್ತೇನೆ.

ಕೊನೆಗದ್ದೆ (ಮಳವಳ್ಳಿ ತಾಲ್ಲೂಕು)

ಮೇಷ್ಟ್ರೇ, ಕೊನೆಯ ಗದ್ದೆ ಎಂದಿರಲ್ಲ, ಅದು ನನ್ನದೇ. ನಾಲೆಯ ತುದಿಯವನು, ಮೂರು ಎಕರೆ. ನಮಗೆ ಆ ಮೂರು ಎಕರೆ ಹೇಗೆ ಬಂತೆಂದು ಹೇಳುತ್ತೇನೆ.

ನಮ್ಮ ತಾತ ಈ ಜಮೀನನ್ನು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಜಮೀನಿನ ಒಡೆಯರಿಗೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ತಾತ ನಮೂನೆ 7ನ್ನು ತುಂಬಿಸಿ ಅರ್ಜಿ ಕೊಟ್ಟರು. ಓದು ಬಾರದ ಮನುಷ್ಯ. ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ ಕಾಲು ನಡುಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಜಮೀನು ತಾತನ ಹೆಸರಿಗೆ ಆಯಿತು. ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬದುವಿನ ಉದ್ದಕ್ಕೂ ಇಪ್ಪತ್ತೆರಡು ತೆಂಗಿನ ಸಸಿ ನೆಟ್ಟರು.

ತೆಂಗು ಫಲ ಕೊಡಲು ಏಳೆಂಟು ವರ್ಷ ಬೇಕು. ಮುಂದಿನ ವರ್ಷ ಜಮೀನು ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವನು ತೆಂಗು ನೆಡುವುದಿಲ್ಲ, ಕೆರೆಯ ಗೋಡುಮಣ್ಣು ಹೊಡೆಸುವುದಿಲ್ಲ, ಗದ್ದೆ ಮಟ್ಟ ಮಾಡಿಸುವುದಿಲ್ಲ. ಅದೇ ಮಣ್ಣು, ಅದೇ ನೀರು, ಅದೇ ಮನುಷ್ಯ. ಪಹಣಿಯಲ್ಲಿ ಹೆಸರೊಂದು ಬದಲಾದ ಮೇಲೆ ಆ ಜಮೀನಿನ ಹುಟ್ಟುವಳಿಯೇ ಬದಲಾಯಿತು. ಲೇತ್‌ನವರೇ, ಹಂಚುವ ಮುಂಚೆ ಹುಟ್ಟಬೇಕು ಎಂದಿರಿ. ನಮ್ಮ ಮನೆಯಲ್ಲಿ ಹಂಚಿದ ಮೇಲೆ ಹುಟ್ಟಿತು. ಆ ಮರಗಳಲ್ಲಿ ಹದಿನೇಳು ಇಂದೂ ಇವೆ.

ಇನ್ನು ಕಬ್ಬು. ಯಾವ ಕಾರ್ಖಾನೆ ಎಂದು ಹೆಸರು ಹೇಳುವುದಿಲ್ಲ. ಕಟಾವಿನ ಸರದಿ ಚೀಟಿ ಬರುವುದು ಯಾರಿಗೆ ಮೊದಲು? ಇಪ್ಪತ್ತು ಎಕರೆ ಇದ್ದು, ಕಚೇರಿಯಲ್ಲಿ ಕುರ್ಚಿ ಎಳೆದುಕೊಂಡು ಕೂರಬಲ್ಲವರಿಗೆ. ನನ್ನದು ಹನ್ನೆರಡು ತಿಂಗಳಿಗೆ ಕಡಿಯಬೇಕಾದ ಕಬ್ಬು, ಹದಿನೈದಾದರೂ ನಿಂತಿರುತ್ತದೆ. ಸೂಲಂಗಿ (ಕಬ್ಬಿನ ಹೂ) ಬಂದು, ಒಳಗೆ ಬೆಂಡಾಗಿ, ತೂಕ ಬೀಳುತ್ತದೆ. ಕಾಯಲಾಗದೆ ಆಲೆಮನೆಗೆ ಕೊಡುತ್ತೇನೆ, ಅವರು ಹೇಳಿದ ಬೆಲೆಗೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಬಡ್ಡಿ ಕೇಳುವ ಧೈರ್ಯ ಮೂರು ಎಕರೆಯವನಿಗೆ ಎಲ್ಲಿಂದ ಬರಬೇಕು? ಮುಂದಿನ ವರ್ಷವೂ ಅದೇ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಕಲ್ಲ.

ಹಳೆಯ ಪಾಠ (ಕುವೆಂಪುನಗರ, ಮೈಸೂರು)

ಕೊನೆಗದ್ದೆಯವರೇ, ನಿಮ್ಮ ತಾತನ ತೆಂಗಿನ ಸಸಿಗಳನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಗಂಟೆಗಟ್ಟಲೆ ಹೇಳುವುದನ್ನು ನೀವು ನಾಲ್ಕು ಸಾಲಿನಲ್ಲಿ ಹೇಳಿದ್ದೀರಿ.

ಒಂದು ತಿದ್ದುಪಡಿ ಮಾತ್ರ. 1974ರ ಕಾಯ್ದೆಯಿಂದ ಹೆಚ್ಚು ಜನರಿಗೆ ಭೂಮಿ ಸಿಕ್ಕಿದ್ದು ಕರಾವಳಿ ಮತ್ತು ಮಲೆನಾಡಿನಲ್ಲಿ, ಅಲ್ಲಿ ಗೇಣಿ ಪದ್ಧತಿ ಗಾಢವಾಗಿತ್ತು. ಹಳೆ ಮೈಸೂರಿನಲ್ಲಿ ಗೇಣಿ ಕಡಿಮೆ, ಹಾಗಾಗಿ ನಿಮ್ಮ ತಾತನಂಥವರೂ ಕಡಿಮೆ. ತತ್ವ ಮಾತ್ರ ಅದೇ. ಪಶ್ಚಿಮ ಬಂಗಾಳದಲ್ಲಿ 1978ರ ನಂತರ ಗೇಣಿದಾರರ ಹೆಸರನ್ನು ದಾಖಲೆಗೆ ಸೇರಿಸಿ, ಅವರನ್ನು ಎಬ್ಬಿಸದಂತೆ ರಕ್ಷಣೆ ಕೊಟ್ಟರು. ಅಲ್ಲಿ ಕೃಷಿಯ ಇಳುವರಿ ಏರಿತು ಎಂದು ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ತೋರಿಸಿದರು. ದಕ್ಷಿಣ ಕೊರಿಯಾ, ತೈವಾನ್ ದೇಶಗಳು ಕಾರ್ಖಾನೆಗಳಿಂದ ಮೇಲೆ ಬಂದವು ಎನ್ನುತ್ತೇವೆ. ಅವೆರಡೂ 1950ರ ಆಸುಪಾಸಿನಲ್ಲಿ ಮೊದಲು ಭೂಮಿ ಹಂಚಿದವು, ಮಕ್ಕಳನ್ನು ಶಾಲೆಗೆ ಕಳಿಸಿದವು.

ನಿಮ್ಮ ಕಟಾವಿನ ಸರದಿಯ ನೋವಿಗೂ ಅಧ್ಯಯನವೊಂದಿದೆ. ಅದೇ ಬ್ಯಾನರ್ಜಿಯವರು ಇನ್ನು ಮೂವರೊಡನೆ ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನು ನೋಡಿದರು. ಸದಸ್ಯರ ಜಮೀನುಗಳ ನಡುವೆ ಅಂತರ ಹೆಚ್ಚಿದ್ದ ಕಡೆ ಕಬ್ಬಿಗೆ ಸಿಗುವ ಬೆಲೆ ಕಡಿಮೆ ಇತ್ತು. ಆಡಳಿತ ಹಿಡಿದ ದೊಡ್ಡ ಬೆಳೆಗಾರರು ಕಬ್ಬಿನ ಬೆಲೆಯನ್ನು ತಗ್ಗಿಸಿ, ಉಳಿದ ಹಣವನ್ನು ತಮಗೆ ಬೇಕಾದ ಕಡೆ ತಿರುಗಿಸಿಕೊಳ್ಳಲು ಸಾಧ್ಯವಾಗುತ್ತದೆ ಎಂಬುದು ಅವರ ವಿವರಣೆ. ಬೆಲೆ ಕಡಿಮೆಯಾದರೆ ಕಬ್ಬು ಹಾಕುವವರೂ ಕಡಿಮೆ, ಕಾರ್ಖಾನೆಯೂ ಸಣ್ಣದಾಗಿಯೇ ಉಳಿಯುತ್ತದೆ. ಗಮನಿಸಿ, ಇಲ್ಲಿ ಅಸಮಾನತೆ ಅನ್ಯಾಯ ಮಾತ್ರವಲ್ಲ, ನಷ್ಟ ಕೂಡ. ದೊಡ್ಡವರಿಗೆ ಬಂದ ಲಾಭಕ್ಕಿಂತ ಒಟ್ಟಾರೆ ಕಳೆದುಹೋದದ್ದು ಹೆಚ್ಚು.

ಬೆಳಗಿನ ಬಸ್ಸು (ಶ್ರೀರಂಗಪಟ್ಟಣ ತಾಲ್ಲೂಕು)

ಎಲ್ಲರೂ ಅಣ್ಣಂದಿರೇ ಬರೆಯುತ್ತಿದ್ದೀರಿ, ನಾನೊಂದು ಮಾತು ಸೇರಿಸುತ್ತೇನೆ. ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವವಳು.

ಮೊದಲು ಮನೆಯ ಹತ್ತಿರವೇ ಒಂದು ಸಣ್ಣ ಕಡೆ ಹೋಗುತ್ತಿದ್ದೆ. ಸಂಬಳ ಕಡಿಮೆ, ಪಿಎಫ್ ಇಲ್ಲ. ದೂರದ ಕಾರ್ಖಾನೆಯಲ್ಲಿ ಹೆಚ್ಚು ಸಿಗುತ್ತದೆಂದು ಗೊತ್ತಿತ್ತು. ಹೆಚ್ಚಿಗೆ ಬರುವುದರಲ್ಲಿ ಅರ್ಧ ಬಸ್ಸಿಗೇ ಹೋಗುತ್ತಿತ್ತು, ಅದಕ್ಕೆ ಹೋಗಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಎರಡು ತಿಂಗಳು ಯೋಚಿಸಿ ಕೆಲಸ ಬದಲಿಸಿದೆ. ಈಗ ಪಿಎಫ್ ಇದೆ, ಇಎಸ್‌ಐ ಇದೆ. ಮಗಳು ಡಿಪ್ಲೊಮಾ ಎರಡನೇ ವರ್ಷ. ನಾನು ಸೋಮಾರಿಯಾಗಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದವಳು ಈಗ ನಾಲ್ಕಕ್ಕೆ ಏಳುತ್ತೇನೆ, ದೂರ ಹೆಚ್ಚಾಯಿತಲ್ಲ. ಇದನ್ನು ಬಿಟ್ಟಿ ಎಂದು ಕರೆದಾಗ ಮನಸ್ಸಿಗೆ ಬಹಳ ನೋವಾಗುತ್ತದೆ.

ಹಾಗೆಂದು ಎಲ್ಲವೂ ಸರಿ ಇದೆ ಎನ್ನುವುದಿಲ್ಲ. ಬಸ್ಸಿನಲ್ಲಿ ನಲವತ್ತು ನಿಮಿಷ ಒಂಟಿ ಕಾಲಿನಲ್ಲಿ ನಿಂತು ಹೋಗಿ, ಇಡೀ ದಿನ ಯಂತ್ರದ ಮುಂದೆ ಕೂರಬೇಕು. ಟಿಕೆಟ್ ಬೇಡ ಎಂದ ಮೇಲೆ ಬಸ್ಸುಗಳೂ ಹೆಚ್ಚಬೇಕಾಗಿತ್ತು. ನಮ್ಮೂರ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು. ನನ್ನ ಮಗಳು ಅಲ್ಲೇ ಓದಿ, ಹೈಸ್ಕೂಲಿಗೆ ಬಂದಾಗ ಇಂಗ್ಲಿಷ್ ಮತ್ತು ಗಣಿತದಲ್ಲಿ ಅಳುತ್ತಿದ್ದಳು. ತಿಂಗಳಿಗೆ 2,000 ಕೊಟ್ಟಿದ್ದು ಉಪಕಾರವೇ. ಅದರಲ್ಲಿ ಟ್ಯೂಷನ್‌ಗೆ 700 ಕೊಡುತ್ತಿದ್ದೆ. ಶಾಲೆ ಸರಿ ಇದ್ದಿದ್ದರೆ ಆ 700 ಬೇರೆ ಯಾವುದಕ್ಕಾದರೂ ಆಗುತ್ತಿತ್ತು.

ಹೆಬ್ಬಾಳದ ಲೇತ್ (ಮೈಸೂರು)

ತಾಯಿ, ನಿಮ್ಮ ಬರಹ ಓದಿದ ಮೇಲೆ ಬಿಟ್ಟಿ ಎಂಬ ಪದವನ್ನು ನಾನು ಬಳಸುವುದಿಲ್ಲ. ಇಲ್ಲಿ ಬಳಸಿಲ್ಲ, ಹೊರಗೆ ಬಳಸುತ್ತಿದ್ದೆ.

ಕಳೆದ ವರ್ಷದ ಒಂದು ಘಟನೆ ನೆನಪಾಯಿತು. ನಮ್ಮಲ್ಲಿ ಸಹಾಯಕನಾಗಿ ಒಬ್ಬ ಹುಡುಗ ಇದ್ದ, ನಂಜನಗೂಡು ಕಡೆಯವನು. ಮೈಕ್ರೋಮೀಟರ್ ಹಿಡಿದರೆ ಕೈ ಅಲುಗದು. ಐಟಿಐ ಸೇರು, ವಾಪಸು ಬಂದಾಗ ಸಂಬಳ ಎರಡು ಪಟ್ಟು ಕೊಡುತ್ತೇನೆ ಎಂದೆ. ಸೇರಿದ. ಅಪ್ಪನಿಗೆ ಕಾಯಿಲೆಯಾಯಿತು, ಮನೆಯಲ್ಲಿ ದುಡಿಯುವವರಿಲ್ಲ, ಅರ್ಧಕ್ಕೆ ಬಿಟ್ಟ. ಈಗ ಬಾಡಿಗೆ ಆಟೊ ಓಡಿಸುತ್ತಾನೆ. ಅವನಿಗೆ ಬೇಕಾಗಿದ್ದದ್ದು ಒಂದೂವರೆ ವರ್ಷದ ಮನೆಖರ್ಚು. ಯಾವ ಬ್ಯಾಂಕೂ ಅದಕ್ಕೆ ಸಾಲ ಕೊಡುವುದಿಲ್ಲ, ಅಡ ಇಡಲು ಅವನ ಹತ್ತಿರ ಏನೂ ಇರಲಿಲ್ಲ. ನಾನು ಈಗ ಅಂಥ ಕೈಯ ಹುಡುಗನನ್ನು ಹುಡುಕುತ್ತಲೇ ಇದ್ದೇನೆ, ಸಿಎನ್‌ಸಿ ಯಂತ್ರವೊಂದು ಎರಡನೇ ಪಾಳಿಗೆ ಖಾಲಿ ನಿಂತಿರುತ್ತದೆ. ಹುಟ್ಟದವರ ಲೆಕ್ಕ ಎಂದು ಮೊದಲು ಬರೆದೆ. ಈ ಹುಡುಗನೂ ಅದೇ ಲೆಕ್ಕದಲ್ಲಿ ಬರುತ್ತಾನೆ ಎಂದು ಈಗ ಹೊಳೆಯಿತು.

ಆದರೂ ನನ್ನ ಎರಡು ತಕರಾರು ಉಳಿಯುತ್ತವೆ. ಗೃಹಜ್ಯೋತಿಯಲ್ಲಿ ನನ್ನ ಮನೆಗೂ ಶೂನ್ಯ ಬಿಲ್ ಬರುತ್ತದೆ. ನನಗೇಕೆ? ಆ ಹಣ ಆ ಹುಡುಗನಿಗೆ ಹೋಗಬೇಕಿತ್ತು. ಎರಡನೆಯದು, ಇವತ್ತಿನ ಊಟಕ್ಕೆ ನಾಳಿನವರ ಹೆಸರಿನಲ್ಲಿ ಸಾಲ ಮಾಡಬಾರದು. ಹಂಚುವುದಾದರೆ ತೆರಿಗೆ ಎತ್ತಿ ಹಂಚಲಿ, ಯಾರಿಂದ ಎತ್ತುತ್ತೇವೆ ಎಂದು ಧೈರ್ಯವಾಗಿ ಹೇಳಲಿ.

ಸಾಲದ ಪುಸ್ತಕ (ಮದ್ದೂರು ತಾಲ್ಲೂಕು)

ತೆರಿಗೆ ಯಾರಿಂದ ಎಂಬುದಕ್ಕೆ ಅಂಗಡಿಯವನಾಗಿ ಒಂದು ಮಾತು ಹೇಳಲೇಬೇಕು. ತೆರಿಗೆ ಕಟ್ಟುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಎಂಬಂತೆ ಎಲ್ಲರೂ ಮಾತನಾಡುತ್ತಾರೆ. 2025ರ ಸೆಪ್ಟೆಂಬರ್ 22ರವರೆಗೆ ಮೈಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ಮೇಲೆ ಶೇ. 18 ಜಿಎಸ್‌ಟಿ ಇತ್ತು, ಆಮೇಲೆ ಶೇ. 5ಕ್ಕೆ ಇಳಿಸಿದರು. ಇಷ್ಟು ವರ್ಷ ನನ್ನ ಅಂಗಡಿಯಲ್ಲಿ ಹತ್ತು ರೂಪಾಯಿಯ ಬಿಸ್ಕತ್ತು ಕೊಂಡ ಕೂಲಿಯವಳೂ ಅದೇ ತೆರಿಗೆ ಕಟ್ಟಿದಳು, ಕಾರಿನಲ್ಲಿ ಬಂದವರೂ ಅದೇ ಕಟ್ಟಿದರು. ಅವಳ ಆದಾಯದಲ್ಲಿ ಅದು ಎಷ್ಟು ಪಾಲು, ಅವರ ಆದಾಯದಲ್ಲಿ ಎಷ್ಟು? ದೊಡ್ಡ ಆಸ್ತಿಯ ಮೇಲಿನ ಸಂಪತ್ತು ತೆರಿಗೆಯನ್ನು ದೇಶದಲ್ಲಿ ತೆಗೆದುಹಾಕಿದ್ದಾರೆ ಎಂದು ಓದಿದ್ದೆ, ಮೇಷ್ಟ್ರು ಹೌದೋ ಅಲ್ಲವೋ ಹೇಳಲಿ.

ಬೆಳವಣಿಗೆ ಎಂದರೆ ಎಲ್ಲರಿಗೂ ಒಂದೇ ಅಲ್ಲ ಎನ್ನುವುದಕ್ಕೂ ನಮ್ಮ ಮದ್ದೂರೇ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಲೇತ್‌ನವರ ಸರಕು ಬೇಗ ತಲುಪುತ್ತದೆ, ಸಂತೋಷ. ಹಳೆಯ ರಸ್ತೆಯ ಬದಿಯಲ್ಲಿ ಮದ್ದೂರು ವಡೆ, ಎಳನೀರು ಮಾರಿ ಬದುಕುತ್ತಿದ್ದವರ ಗಿರಾಕಿಗಳು ಮೇಲ್ಸೇತುವೆಯ ಮೇಲೆ ಹಾದುಹೋದರು. ನನ್ನ ಭಾವಮೈದುನ ವಡೆಯ ಬಾಣಲೆಯನ್ನು ಮೂಲೆಗಿಟ್ಟು ಈಗ ಮೈಸೂರಿನಲ್ಲಿ ಕಾವಲುಗಾರ. ರಸ್ತೆ ಬೇಡ ಎನ್ನುತ್ತಿಲ್ಲ. ರಸ್ತೆಯಿಂದ ಬಂದ ಲಾಭದಲ್ಲಿ ಅವನಿಗೆ ಒಂದು ಪಾಲು ಬೇಕಿತ್ತು.

ಹಳೆಯ ಪಾಠ (ಕುವೆಂಪುನಗರ, ಮೈಸೂರು)

ಹೌದು. ಕೇಂದ್ರ ಸರ್ಕಾರ ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ರದ್ದು ಮಾಡಿತು. ಸತ್ತವರ ಆಸ್ತಿ ಮಕ್ಕಳಿಗೆ ಹೋಗುವಾಗಿನ ತೆರಿಗೆ 1985ರಲ್ಲೇ ಹೋಯಿತು. 97.75ರ ಕಾಲಕ್ಕೆ ಮರಳಬೇಕೆಂದು ನಾನು ಹೇಳುವುದಿಲ್ಲ, ಲೇತ್‌ನವರ ಆ ಟೀಕೆ ನೂರಕ್ಕೆ ನೂರು ಸರಿ. ಆದರೆ 97ಕ್ಕೂ ಸೊನ್ನೆಗೂ ನಡುವೆ ಬಹಳ ಜಾಗವಿದೆ.

ಆ ಐಟಿಐ ಹುಡುಗನ ಕತೆಯೇ ನಾನು ಕಾಯುತ್ತಿದ್ದ ಉತ್ತರ. 1993ರಲ್ಲಿ ಗೇಲರ್, ಝೈರಾ ಎಂಬಿಬ್ಬರು ಇದನ್ನೇ ಗಣಿತದಲ್ಲಿ ಬರೆದರು. ಸಾಲ ಸುಲಭವಾಗಿ ಸಿಗದ ಸಮಾಜದಲ್ಲಿ ಕಲಿಯುವವರು ಯಾರೆಂದು ನಿರ್ಧರಿಸುವುದು ಬುದ್ಧಿಯಲ್ಲ, ಅಪ್ಪನ ಗಂಟು. ಬಡ ದೇಶದಲ್ಲಿ ಅಸಮಾನತೆ ಬೆಳವಣಿಗೆಯನ್ನು ಹಿಡಿದಿಡುವುದು ಮುಖ್ಯವಾಗಿ ಹೀಗೆ. ಖಾಲಿ ನಿಂತ ಯಂತ್ರ ಒಂದು ಕಡೆ, ಆಟೊ ಓಡಿಸುವ ಒಳ್ಳೆಯ ಕೈ ಇನ್ನೊಂದು ಕಡೆ.

ಕೂಲಿಯ ವಿಚಾರವನ್ನು ಅಂಗಡಿಯವರು ಮೊದಲೇ ಎತ್ತಿದ್ದರು. ಅವಿಭಜಿತ ಆಂಧ್ರದಲ್ಲಿ ಉದ್ಯೋಗ ಖಾತರಿಯ ಹಣ ಸರಿಯಾಗಿ ಕೈಸೇರುವಂತೆ ಮಾಡಿದಾಗ ಖಾಸಗಿ ಕೂಲಿದರವೂ ಏರಿತು, ಖಾಸಗಿ ಕೆಲಸದ ದಿನಗಳೂ ಕಡಿಮೆಯಾಗಲಿಲ್ಲ ಎಂದು ದೊಡ್ಡ ಪ್ರಯೋಗವೊಂದು ತೋರಿಸಿದೆ. ಕೀನ್ಯಾದಲ್ಲಿ ಬಡ ಕುಟುಂಬಗಳಿಗೆ ಸುಮಾರು ಸಾವಿರ ಡಾಲರ್ ಕೊಟ್ಟು ನೋಡಿದರು. ಕೊಟ್ಟ ಪ್ರತಿ ರೂಪಾಯಿಗೆ ಆ ಪ್ರದೇಶದ ವಹಿವಾಟು ಎರಡೂವರೆ ರೂಪಾಯಿಯಷ್ಟು ಹೆಚ್ಚಿತು, ಬೆಲೆಗಳು ಹೆಚ್ಚುಕಡಿಮೆ ಏರಲೇ ಇಲ್ಲ. ಮಧ್ಯಾಹ್ನ ಗಿರಾಕಿಗಾಗಿ ಕಾಯುವ ಅಂಗಡಿಗಳು ಅಲ್ಲಿಯೂ ಇದ್ದವು, ಗಿರಾಕಿ ಬಂದಾಗ ಬೆಲೆ ಏರಿಸದೆಯೇ ಹೆಚ್ಚು ಮಾರಬಲ್ಲವಾಗಿದ್ದವು, ಅದೇ ಕಾರಣ. ಆದರೆ ಎರಡು ಎಕರೆಯ ರೈತನಿಗೆ ಈ ಅಂಕಿ ಸಮಾಧಾನ ಕೊಡದು. ಕೂಲಿ ಏರಿದ್ದು ನ್ಯಾಯ. ಅವನ ಬೆಳೆಗೆ ಬೆಲೆ ಏರದಿದ್ದರೆ ಹೊರೆ ಅವನ ಬೆನ್ನ ಮೇಲೇ ಕೂರುತ್ತದೆ.

ಒಣಬೇಸಾಯ (ನಾಗಮಂಗಲ ತಾಲ್ಲೂಕು)

ಇಷ್ಟು ಹೊತ್ತು ಓದಿದೆ. ನಾಲೆ, ಗದ್ದೆ, ತೆಂಗು, ಕಬ್ಬು. ನಮ್ಮ ಊರಿನಲ್ಲಿ ಇವು ಯಾವುವೂ ಇಲ್ಲ. ರಾಗಿ, ಹುರುಳಿ, ಮಳೆ ಬಂದರೆ. ಹೇಮಾವತಿ ನೀರು ತಾಲ್ಲೂಕಿನ ಕೆಲವು ಕಡೆಗೆ ಬಂದಿದೆ, ನಮ್ಮ ಕಡೆಗೆ ಬಂದಿಲ್ಲ. ಮಂಡ್ಯ ಎಂದರೆ ಹಸಿರು ಎನ್ನುವವರು ಒಮ್ಮೆ ಬಂದು ನೋಡಲಿ.

ಮನುಷ್ಯರ ನಡುವಿನ ಅಂತರ ಮಾತ್ರ ಏಕೆ ಲೆಕ್ಕ ಹಾಕುತ್ತೀರಿ? ಊರು ಊರುಗಳ ನಡುವಿನದೂ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಬರೆದುಕೊಟ್ಟಿತು. ನಮ್ಮ ಊರಿನ ಹುಡುಗರು ಬೆಂಗಳೂರಿನಲ್ಲಿ, ಕೆ.ಆರ್. ಪೇಟೆಯವರು ಮುಂಬೈಯಲ್ಲಿ. ಊರಿನಲ್ಲಿ ಉಳಿದವರು ನಾವು, ಅರವತ್ತು ದಾಟಿದವರು.

ಸಾಲದ ಪುಸ್ತಕ (ಮದ್ದೂರು ತಾಲ್ಲೂಕು)

ನಾಗಮಂಗಲದ ಅಣ್ಣನವರೇ, ನೀವು ಹೇಳಿದ್ದು ಮನಸ್ಸಿಗೆ ನಾಟಿತು.

ಮೊದಲ ದಿನ ಹೇಳಿದ ಆ ಮನೆಯ ವಿಷಯ ಇನ್ನೂ ಸ್ವಲ್ಪ ಇದೆ. ಆ ಮಗಳು ಎರಡು ವರ್ಷದ ಕಂತಿನಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ, ಸಂಘದಲ್ಲಿ ಸ್ವಲ್ಪ ತೆಗೆದು, ಹಳೆಯ ಹೊಲಿಗೆ ಯಂತ್ರವೊಂದನ್ನು ಕೊಂಡಿದ್ದಾಳೆ. ನಿನ್ನೆ ಸಂಜೆ ಬಂದು ದಾರದ ಉಂಡೆ, ಗುಂಡಿ, ಲೈನಿಂಗ್ ಬಟ್ಟೆ ಕೇಳಿದಳು. ಮದುವೆಯೊಂದಕ್ಕೆ ಹನ್ನೆರಡು ರವಿಕೆ ಹೊಲಿಯಲು ಒಪ್ಪಿಕೊಂಡಿದ್ದಾಳಂತೆ, ಹಣ ಮದುವೆಯ ನಂತರ. ದಾರ, ಗುಂಡಿ ನನ್ನಲ್ಲಿತ್ತು. ಬಟ್ಟೆಯನ್ನು ಮದ್ದೂರಿನಿಂದ ತರಿಸಿಕೊಟ್ಟು 840 ರೂಪಾಯಿ ಬರೆದುಕೊಂಡೆ. ಆ ಮನೆಯ ಹೆಸರಿನಲ್ಲಿ ಅಪ್ಪನ ಕಾಲದಿಂದಲೂ ಸಾಲವಿದೆ, ಎಲ್ಲವೂ ಹೊಟ್ಟೆಗೆ ಮಾಡಿದ್ದು. ದುಡಿಮೆಗೆಂದು ಬರೆದ ಸಾಲ ಇದೇ ಮೊದಲು.

ಒಣಬೇಸಾಯ (ನಾಗಮಂಗಲ ತಾಲ್ಲೂಕು)

ಒಳ್ಳೆಯದಾಗಲಿ ಆ ಮಗುವಿಗೆ. ನಮ್ಮ ಮನೆಯದೂ ಕೇಳಿ. ನನ್ನ ಹೆಂಡತಿಗೆ ಬರುವ 2,000 ಮಗನಿಗೆ ಹೋಗುತ್ತದೆ, ಬೆಂಗಳೂರಿನ ರೂಮಿನ ಬಾಡಿಗೆಗೆ. ಊರಿನ ಅರ್ಧ ಮನೆಗಳಲ್ಲಿ ಹೀಗೆಯೇ. ಹಣ ನಮ್ಮ ತಾಲ್ಲೂಕಿನ ಹೆಸರಿನಲ್ಲಿ ಬರುತ್ತದೆ, ವಹಿವಾಟು ಪೀಣ್ಯದಲ್ಲಿ ಆಗುತ್ತದೆ. ಒಂದಕ್ಕೆ ಎರಡೂವರೆ ಎಂದು ಮೇಷ್ಟ್ರು ಹೇಳಿದರಲ್ಲ, ಆ ಎರಡೂವರೆ ಇಲ್ಲಿ ಆಗಬೇಕಾದರೆ ಹೊಲಿಸುವವರು, ಕೊಳ್ಳುವವರು ಊರಿನಲ್ಲಿ ಇರಬೇಕು. ನಮ್ಮೂರಿನಲ್ಲಿ ಮದುವೆಗಳೇ ಈಗ ಬೆಂಗಳೂರಿನ ಛತ್ರಗಳಲ್ಲಿ ನಡೆಯುತ್ತವೆ.

ನಮಗೆ ಕೆರೆಗೆ ನೀರು ತುಂಬಿಸಿಕೊಡಲಿ. 2,000 ನಿಂತರೂ ಒಂದು ವರ್ಷ ಸುಮ್ಮನಿರುತ್ತೇವೆ.

ಬೆಳಗಿನ ಬಸ್ಸು (ಶ್ರೀರಂಗಪಟ್ಟಣ ತಾಲ್ಲೂಕು)

ಅಣ್ಣ, ಸುಮ್ಮನಿರುತ್ತೇವೆ ಎಂದಿರಿ. ಅತ್ತಿಗೆಯವರನ್ನು ಕೇಳಿ ಹೇಳಿದಿರಾ?

ಒಣಬೇಸಾಯ (ನಾಗಮಂಗಲ ತಾಲ್ಲೂಕು)

ಕೇಳಿರಲಿಲ್ಲ ತಾಯಿ. ಈಗ ಕೇಳಿದೆ. ಕೆರೆಗೂ ನೀರು ಬೇಕು, ಅವನು ರೂಮು ಬಿಡುವ ತನಕ ಅದೂ ಬೇಕು ಎನ್ನುತ್ತಿದ್ದಾಳೆ. ಕೆರೆ ತುಂಬಿದರೆ ವಾಪಸು ಬರುತ್ತೀಯಾ ಎಂದು ಮಗನಿಗೆ ಫೋನ್ ಮಾಡಿದ್ದಾಳೆ, ಅವನು ಇನ್ನೂ ಏನೂ ಹೇಳಿಲ್ಲ.